ಅಣ್ಣನ ತೂಕದ ಬೆಲ್ಲ

ಬರೋಡದ ನಮ್ಮ ಮನೆಯಲ್ಲಿ ತಿಂಡಿಯ ಡಬ್ಬಿಗಳು ಎರಡಿದ್ದವು. ಎರಡೂ ತುಂಬುತ್ತಿದ್ದದ್ದು ನನ್ನ ಅಣ್ಣ ಶ್ರೀಧರನೊಬ್ಬನಿಗಾಗಿ. ಆದರೆ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟದ್ದನ್ನು ಬಹಳ ಕಾಲ ನಾನು ಕಂಡವಳಲ್ಲ. ಅಮ್ಮನದು ಹಿತ್ತಾಳೆಯ ಡಬ್ಬಿ. ಹುಣಸೆಹಣ್ಣಿನಿಂದ ತಿಕ್ಕಿಸಿಕೊಂಡು, ಅಡಿಗೆಮನೆಯ ಒಳಗೆ ಹಂಡೆಯ ಮೇಲಿನ ಹಲಗೆಯಲ್ಲಿ ಹೊಳೆಯುತ್ತ ಕೂತಿರುತ್ತಿತ್ತು. ಅಪ್ಪನದು ಅಲ್ಯುಮಿನಿಯಮ್ಮಿನದು. ಸ್ಟೇಷನ್ನಿನ ಹತ್ತಿರ ಅಪ್ಪ ನಡೆಸುತ್ತಿದ್ದ ಸಣ್ಣ ಉಡುಪಿ ಹೋಟೆಲಿನಿಂದ ಅದು ಬರುತ್ತಿತ್ತು. ಹೋಟೆಲಿನ ಸಾಂಬಾರಿಗೆ ಈರುಳ್ಳಿ ಬೀಳುತ್ತದೆ, ಪಾತ್ರೆಗಳನ್ನು ಯಾರು ಯಾರೋ ಮುಟ್ಟುತ್ತಾರೆ. ಹಾಗಾಗಿ ಅಮ್ಮನ ಮಡಿಯ ಲೆಕ್ಕದಲ್ಲಿ ಆ ಡಬ್ಬಿಗೆ ಮರದ ಮೆಟ್ಟಿಲಿನ ತುದಿಯ ಮೂಲೆಯೇ ಜಾಗ. ಹೊಸ್ತಿಲು ದಾಟುವ ಹಾಗಿರಲಿಲ್ಲ. ನಾಲ್ಕು ಜನರಿಗೆ ಊಟ ಹಾಕುವ ಹೋಟೆಲಿನವರ ಮನೆಯಲ್ಲಿ ಹೋಟೆಲಿನ ಇಡ್ಲಿ ಒಳಗೆ ಬರುತ್ತಿರಲಿಲ್ಲ ಎಂದರೆ ಈಗಿನ ಮಕ್ಕಳು ನಗುತ್ತಾರೆ. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಮನೆ ಇದ್ದದ್ದು ಒಂದು ಪೋಳಿನಲ್ಲಿ. ಪೋಳ್ ಎಂದರೆ ಎರಡು ಕಡೆ ಮನೆಗಳು ಮೈಗೆ ಮೈ ತಾಗಿಸಿ ನಿಂತ ಓಣಿ. ಎದುರುಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುವಷ್ಟು ಹತ್ತಿರ. ಕೆಳಗೆ ಮನೆಯೊಡತಿ ಜಶೋದಾಬೆನ್, ಮೇಲೆ ನಾವು. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಹಿಡಿದು ಹತ್ತಲು ಮೇಲಿನಿಂದ ಒಂದು ಹಗ್ಗ ಇಳಿಬಿಟ್ಟಿದ್ದರು. ಹತ್ತಿ ಬಂದರೆ ಎರಡು ಕೋಣೆ, ಒಂದು ಅಡಿಗೆಮನೆ, ಅದರ ಗೋಡೆಯಲ್ಲೇ ದೇವರ ಗೂಡು, ಮತ್ತೆ ಹತ್ತಿದರೆ ತಗಡಿನ ಮಾಡಿನ ಪಕ್ಕ ಸಣ್ಣ ತಾರಸಿ. ಅಣ್ಣನ ಬೂಟುಗಳು ಚರ್ಮದವು. ಅವು ಮೆಟ್ಟಿಲನ್ನೂ ಹತ್ತುವ ಹಾಗಿರಲಿಲ್ಲ. ಜಶೋದಾಬೆನ್ ಕಟ್ಟಾ ವೈಷ್ಣವರು, ಅವರಿಗೂ ಚರ್ಮ ಆಗದು. ಆದರೂ ಅಣ್ಣನ ಮೇಲಿನ ಪ್ರೀತಿಗೆ ತಮ್ಮ ಜಗಲಿಯ ಹೊರಗೋಡೆಗೆ ಒಂದು ಮೊಳೆ ಹೊಡೆಸಿಕೊಟ್ಟಿದ್ದರು. ಬೂಟುಗಳು ಲೇಸು ಕಟ್ಟಿಸಿಕೊಂಡು ಅಲ್ಲಿ ನೇತಾಡುತ್ತಿದ್ದವು. ಅವು ಮೊಳೆಯಲ್ಲಿದ್ದರೆ ಅಣ್ಣ ಮನೆಯಲ್ಲಿದ್ದಾನೆ, ಮೊಳೆ ಖಾಲಿಯಿದ್ದರೆ ಇಲ್ಲ. ಇಡೀ ಓಣಿಗೆ ಅದು ಗೊತ್ತಿತ್ತು.

ಮೊಳೆ ಹೆಚ್ಚಾಗಿ ಖಾಲಿಯೇ ಇರುತ್ತಿತ್ತು. ಅಣ್ಣ ಎರಡು ಕಡೆ ಫುಟ್‌ಬಾಲ್ ಆಡುತ್ತಿದ್ದ. ಬೆಳಿಗ್ಗೆ ಕ್ಲಬ್ಬು, ಸಂಜೆ ಶಾಲೆ. ಕ್ಲಬ್ಬು ಊರಿಗೇ ದೊಡ್ಡದು. ಅಹಮದಾಬಾದು, ಸೂರತ್ತುಗಳಿಗೆ ಹೋಗಿ ಆಡುವ ಗಂಡಸರ ತಂಡ ಅವರದು. ಶಾಲೆಗೆ ಹೋಗುವ ಹುಡುಗರನ್ನು ಸುಮ್ಮನೆ ಸೇರಿಸಿಕೊಳ್ಳುವವರಲ್ಲ. ಅಲ್ಲಿನ ಕೋಚ್ ಪಿಂಟೋ ಸರ್ ಒಂದು ದಿನ ನಮ್ಮ ಹೋಟೆಲಿಗೆ ಕಾಫಿ ಕುಡಿಯಲು ಬಂದವರು, ಹಿತ್ತಲಲ್ಲಿ ಅಣ್ಣ ಒಬ್ಬನೇ ಗೋಡೆಗೆ ಚೆಂಡು ಒದೆಯುತ್ತಿದ್ದದ್ದನ್ನು ನೋಡಿ, ಕಾಫಿ ಆರುವ ತನಕ ನಿಂತು, ಆಮೇಲೆ ಅಪ್ಪನನ್ನು ಕೇಳಿ ಕರೆದುಕೊಂಡು ಹೋದರು. ಶಾಲೆಯ ತಂಡದ ಕಥೆ ಬೇರೆ. ಅಣ್ಣನಿಗೆ ಅಲ್ಲಿ ಫೀಸು ಮಾಫಿಯಾಗಿದ್ದದ್ದೇ ಆಟದಿಂದ. ಪಿ.ಟಿ. ಮಾಸ್ತರು ರಾಣಾ ಸರ್ ಅದನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಅಣ್ಣ ಒಂದು ಸಂಜೆ ತಪ್ಪಿಸಿಕೊಂಡರೆ ಮರುದಿನ ಅವನ ಮುಖ ನೋಡುತ್ತಿರಲಿಲ್ಲ. ಕ್ಲಬ್ಬಿನದು ನೀಲಿ ಅಂಗಿ, ಶಾಲೆಯದು ಹಳದಿ. ಎರಡನ್ನೂ ಒಗೆದು ತಾರಸಿಯ ತಂತಿಗೆ ಹಾಕುವುದು ನನ್ನ ಕೆಲಸ. ಅಮ್ಮನ ಮಡಿಸೀರೆ ಕೋಲಿನ ಮೇಲೆ, ಅದಕ್ಕೆ ತಾಗದಷ್ಟು ದೂರದಲ್ಲಿ ತಂತಿ. ಮಳೆಗಾಲದಲ್ಲಿ ಎರಡು ಅಂಗಿಗಳೂ ಒಣಗುತ್ತಿರಲಿಲ್ಲ. ಅಣ್ಣ ಹಸಿ ನೀಲಿ ತೊಟ್ಟು ಹೋಗಿ ಬಂದು, ಹಸಿ ಹಳದಿ ತೊಟ್ಟು ಹೋಗುತ್ತಿದ್ದ.

ಅಪ್ಪನಿಗೆ ಕ್ಲಬ್ಬು ಬೇಕಿತ್ತು. ಕ್ಲಬ್ಬಿನಲ್ಲಿ ಚೆನ್ನಾಗಿ ಆಡಿದವರಿಗೆ ಒಳ್ಳೆಯ ಕಡೆ ನೌಕರಿ ಸಿಗುತ್ತದೆಂದು ಅವರು ಕೇಳಿ ತಿಳಿದಿದ್ದರು. ಕುಂದಾಪುರದ ಕಡೆಯಿಂದ ಚಿಕ್ಕಂದಿನಲ್ಲೇ ಬೊಂಬಾಯಿಗೆ ಹೋಗಿ ಪರರ ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವರು. ಮಗ ಹೋಟೆಲಿನ ಹೊಗೆಯಲ್ಲಿ ಕೂರಬಾರದು ಎಂಬುದೊಂದೇ ಅವರ ಹಟ. ಅಮ್ಮನ ಹಟವೂ ಅದೇ. ಆದರೆ ಅವಳ ದಾರಿ ಶಾಲೆಯದು. ಹತ್ತನೆಯದು ಪಾಸಾಗಲಿ, ಕಾಲೇಜು ಓದಲಿ, ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರಲಿ. ಕ್ಲಬ್ಬಿನವರ ಜೊತೆ ರೈಲು ಹತ್ತಿ ಊರೂರು ತಿರುಗಿ, ಎಲ್ಲೋ ಮಲಗಿ, ಏನೋ ತಿಂದು ಬರುವ ಹುಡುಗ ಪರೀಕ್ಷೆಯಲ್ಲಿ ಏನು ಬರೆದಾನು? ಇಬ್ಬರೂ ಒಂದೇ ಕಡೆಗೆ ನೋಡುತ್ತಿದ್ದರು. ಆದರೂ ವರ್ಷವಿಡೀ ಜಗಳವಾಡಿದರು. ಅವರ ಜಗಳ ನೇರವಾಗಿ ನಡೆಯುತ್ತಿರಲಿಲ್ಲ. ಎದುರುಬದುರು ಕೂತಿದ್ದರೂ ಪದ್ದಿಯಾದ ನನ್ನ ಮೂಲಕವೇ ಮಾತು.

"ಪದ್ದಿ, ನಿನ್ನ ಅಪ್ಪಯ್ಯಂಗೆ ಹೇಳ್, ಇವತ್ತ್ ಗಣಿತದ ಮಾಸ್ತರ್ ಸಿಕ್ಕಿದ್ರ್. ಮಗ ಕ್ಲಾಸಲ್ಲಿ ನಿದ್ದಿ ಮಾಡ್ತಾ ಅಂಬ್ರ್."

"ಪದ್ದಿ, ನಿನ್ನ ಅಮ್ಮಂಗೆ ಹೇಳ್, ಗಣಿತ ಬಪ್ಪವ್ರೆಲ್ಲ ನಮ್ಮ ಹೋಟ್ಲಿಗೇ ಕೆಲ್ಸ ಕೇಣ್ಕಂಡ್ ಬತ್ತಿದ್ರ್."

"ಇಡ್ಲಿ ತಿನ್ಸಿ ತಿನ್ಸಿ ಹುಡುಗನ್ನ ಕೆಡ್ಸಿದ್ರ್ ಅಂತ ಹೇಳ್."

"ಅವಲಕ್ಕಿ ತಿಂದವ ಓಡುಕೆ ಆತ್ತಿಲ್ಲೆ ಅಂತ ಹೇಳ್."

ನಾನು ಹೇಳುತ್ತಿರಲಿಲ್ಲ. ಇಬ್ಬರಿಗೂ ಕೇಳಿಯಾಗಿರುತ್ತಿತ್ತಲ್ಲ. ಅಣ್ಣ ನಡುವೆ ತಟ್ಟೆಗೆ ಬಗ್ಗಿ ಸುಮ್ಮನೆ ಉಣ್ಣುತ್ತಿದ್ದ. ಅವನು ಇಬ್ಬರ ಡಬ್ಬಿಯನ್ನೂ ತಿನ್ನುತ್ತಿದ್ದ. ಬೆಳಗಾಗುವ ಮೊದಲೇ ಹೊರಟು, ದಾರಿಯಲ್ಲಿ ಹೋಟೆಲಿಗೆ ಹೊಕ್ಕು, ಅಪ್ಪನ ಎದುರಿಗೆ ಈರುಳ್ಳಿ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ತಿಂದು ಕ್ಲಬ್ಬಿಗೆ ಹೋಗುವುದು. ಬರುವಾಗ ಅಪ್ಪ ತುಂಬಿಸಿಕೊಟ್ಟ ಡಬ್ಬಿಯನ್ನು ಮೆಟ್ಟಿಲ ಮೂಲೆಯಲ್ಲೇ ಕೂತು ಖಾಲಿ ಮಾಡುವುದು. ಆಮೇಲೆ ಮಿಂದು ಒಳಗೆ ಬಂದು, ಅಮ್ಮ ಬಡಿಸಿದ್ದನ್ನು ಹಸಿದವನ ಹಾಗೆ ಉಣ್ಣುವುದು, ಅವಳ ಹಿತ್ತಾಳೆ ಡಬ್ಬಿಯ ಅವಲಕ್ಕಿ, ಹೆಸರುಂಡೆಗಳನ್ನು ಶಾಲೆಗೆ ಒಯ್ಯುವುದು. ಒಂದು ದಿನವೂ ಒಂದು ಡಬ್ಬಿಯಲ್ಲಿ ಒಂದು ತುಣುಕೂ ಉಳಿದು ಬಂದದ್ದಿಲ್ಲ. ಅಪ್ಪನಿಗೆ ಕ್ಲಬ್ಬಿನ ಸುದ್ದಿ ಹೇಳುತ್ತಿದ್ದ, ಅಮ್ಮನಿಗೆ ಶಾಲೆಯದು. ಹೊಟ್ಟೆ ತುಂಬಿದೆ ಎಂದು ಅವನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ದಣಿದಿದ್ದೇನೆ ಎಂದೂ ಹೇಳಿದವನಲ್ಲ.

ಅವನಿಗೆ ಯಾವುದು ಬೇಕು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಿದ್ದೆ, ಅದೂ ದೊಡ್ಡ ಬುದ್ಧಿಯಿಂದಲ್ಲ. ತಂತಿಗೆ ಅಂಗಿ ಹಾಕುತ್ತ, ಯಾವುದನ್ನು ಬಿಸಿಲು ಬೀಳುವ ಕಡೆ ಹಾಕಲಿ ಎಂದು ತಿಳಿಯದೆ ಕೇಳಿದ್ದು.

"ಅಣ್ಣ, ನಿಂಗೆ ನೀಲಿ ಇಷ್ಟವೋ, ಹಳದಿಯೋ?"

ಅವನು ತಾರಸಿಯ ಕಟ್ಟೆಯ ಮೇಲೆ ಕೂತು ಕಾಲ್ಬೆರಳಿನ ಗುಳ್ಳೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ.

"ಕ್ಲಬ್ಬಲ್ಲಿ ನನ್ನನ್ನ ಯಾರೂ ಕಾಂತಿಲ್ಲೆ ಪದ್ದಿ. ಹಿಂದೆ ನಿಲ್ಲುದು, ಬಂದ ಚೆಂಡನ್ನ ತಡುದು, ದೊಡ್ಡೋರಿಗೆ ಕೊಡುದು. 'ಏಯ್ ಇಡ್ಲಿ, ಇಧರ್ ದೇ' ಅಂತ ಬೈತ್ರು. ಅಲ್ಲಿ ನಾನು ಕಲೀತೆ. ಶಾಲೆಯಲ್ಲಿ ಮುಂದೆ ನಾನೇ, ಎಲ್ಲರೂ ನಂಗೇ ಕೊಡ್ತ್ರು. ಅಲ್ಲಿ ನಾನು ಆಡ್ತೆ."

"ಅಂದ್ರೆ ಯಾವ್ದು ಇಷ್ಟ?"

"ಕಲೀದೆ ಆಡುಕಾತ್ತಾ? ಆಡದೆ ಕಲ್ತ್ ಎಂತ ಮಾಡುದು?"

ನನಗೆ ಆಗ ಅರ್ಥವಾಗಲಿಲ್ಲ. ಎರಡು ಅಂಗಿಗಳನ್ನೂ ಬಿಸಿಲಿಗೇ ಹಾಕಿದೆ. ಅವನು ನಕ್ಕ. ಮೇಲಿನ ಹಲ್ಲಿನ ಒಂದು ತುದಿ ಮುರಿದಿತ್ತು, ಕ್ಲಬ್ಬಿನಲ್ಲಿ ಯಾರದೋ ಮೊಣಕೈ ತಾಗಿ. ಅಮ್ಮನಿಗೆ ಮೆಟ್ಟಿಲಿನಿಂದ ಬಿದ್ದೆ ಎಂದು ಹೇಳಿದ್ದ, ಆ ಕಡಿದಾದ ಮೆಟ್ಟಿಲಿನ ದಯೆಯಿಂದ ಅವಳು ನಂಬಿದ್ದಳು.

ಆ ಮಳೆಗಾಲ ಅಣ್ಣ ಹತ್ತನೆಯಲ್ಲಿದ್ದ. ಸೂರತ್ತಿನಲ್ಲಿ ನಡೆಯುವ ಪಂದ್ಯಕ್ಕೆ ಕ್ಲಬ್ಬಿನ ದೊಡ್ಡ ತಂಡದ ಜೊತೆ ಅವನನ್ನು ಕರೆದೊಯ್ಯುತ್ತೇವೆ ಎಂದು ಪಿಂಟೋ ಸರ್ ಹೇಳಿ ಕಳಿಸಿದರು. ಅಪ್ಪ ಅಂದು ಹೋಟೆಲಿನಲ್ಲಿ ಗಿರಾಕಿಗಳಿಗೆಲ್ಲ ಕೇಸರಿಬಾತು ಪುಕ್ಕಟೆ ಕೊಟ್ಟರಂತೆ. ಅಮ್ಮ ಅಂದು ಉಣ್ಣಲಿಲ್ಲ. ಗೋಡೆಗೆ ಒರಗಿ, "ಇನ್ನ್ ಈ ಹುಡುಗ ನಮ್ಮ ಕೈಯಲ್ಲಿಲ್ಲೆ" ಎಂದಳು. ಅಂದು ನನ್ನ ಮೂಲಕವೂ ಹೇಳಲಿಲ್ಲ, ಗೋಡೆಗೇ ಹೇಳಿದಳು.

ಜಶೋದಾಬೆನ್ ಪ್ರತಿ ಹುಣ್ಣಿಮೆಗೆ ಡಾಕೋರಕ್ಕೆ ಹೋಗುವವರು. ಅಲ್ಲಿನ ಕೃಷ್ಣನಿಗೆ ರಣಛೋಡ ಎಂದು ಹೆಸರು. ಅಮ್ಮನ ಮುಖ ನೋಡಿ ಅವರೇ ಕರೆದರು; ಅಮ್ಮ ನನ್ನನ್ನೂ ಎಳೆದುಕೊಂಡು ಹೊರಟಳು. ಆಣಂದದಲ್ಲಿ ಗಾಡಿ ಬದಲಿಸಿ, ಒದ್ದೆ ಕೊಡೆಗಳ ನಡುವೆ ನಿಂತು ಹೋದೆವು. ದಾರಿಯಲ್ಲಿ ಜಶೋದಾಬೆನ್ ತಮ್ಮ ಗುಜರಾತಿಯಲ್ಲಿ ಆ ದೇವರ ಹೆಸರಿನ ಕಥೆ ಹೇಳಿದರು. ಶತ್ರು ಮತ್ತೆ ಮತ್ತೆ ದಂಡೆತ್ತಿ ಬಂದಾಗ, ತನ್ನವರು ಸಾಯುವುದು ಬೇಡವೆಂದು ರಣರಂಗವನ್ನೇ ಬಿಟ್ಟು ದ್ವಾರಕೆಗೆ ಹೊರಟುಬಿಟ್ಟವನು ಅವನು. ಜನ ಓಡಿಹೋದವನೆಂದು ಆಡಿಕೊಂಡರು, ಅವನು ಆ ಹೆಸರನ್ನೇ ಇಟ್ಟುಕೊಂಡ. ಅಮ್ಮ ಅರ್ಧಂಬರ್ಧ ಗುಜರಾತಿಯಲ್ಲೇ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಅವಳ ಮುಖದಲ್ಲಿ ಏನೋ ಸಡಿಲವಾದದ್ದು ನನಗೆ ಕಂಡಿತು.

ಗುಡಿಯೊಳಗೆ ನೂಕುನುಗ್ಗಲು. ನಾನು ಅಮ್ಮನ ಸೆರಗು ಹಿಡಿದು ಅವಳ ಸೊಂಟಕ್ಕೆ ಅಂಟಿಕೊಂಡಿದ್ದೆ. ಜಶೋದಾಬೆನ್ ಹೆಂಗಸರ ಸಾಲಿನಲ್ಲಿ ಮುಂದೆ ಹೋಗಿದ್ದರು. ಬಾಗಿಲು ತೆರೆದು, ಸುತ್ತಲಿನವರೆಲ್ಲ ಜೈಕಾರ ಹಾಕುವಾಗ ಅಮ್ಮ ಕೈಮುಗಿದು, ಮಾರುಕಟ್ಟೆಯಲ್ಲಿ ಮಾತಾಡುವಷ್ಟೇ ಸ್ಪಷ್ಟವಾಗಿ ಹೇಳಿದಳು.

"ಅಪ್ಪ ದೇವರೇ, ನೀನೂ ರಣ ಬಿಟ್ಟವ. ನನ್ನ ಮಗ ಆ ಕ್ಲಬ್ಬಿನ ಆಟ ಬಿಡು ಹಾಂಗೆ ಮಾಡ್. ಅವನ ತೂಕದಷ್ಟ್ ಬೆಲ್ಲ ತೂಗಿ ಕೊಡ್ತೆ."

ಅಷ್ಟೇ. ಹೇಗೆ ಬಿಡಬೇಕು ಎಂದು ಅವಳು ಹೇಳಲಿಲ್ಲ. ನಾನು ಹೊರಗೆ ಬಂದ ಮೇಲೆ ಕೇಳಿದ್ದೇ ಬೇರೆ.

"ಅಮ್ಮ, ಕನ್ನಡದಲ್ಲಿ ಹೇಳಿದ್ದ್ ಇವನಿಗೆ ತಿಳೀತಾ?"

"ದ್ವಾರಕಿಂದ ಉಡುಪಿಗ್ ಬಂದ್ ಕೂತವನಿಗೆ ಕನ್ನಡ ಬತ್ತಿಲ್ಯಾ? ನಿನ್ನ ಅಪ್ಪಯ್ಯಂಗೆ ಮಾತ್ರ ಹೇಳ್ಬೇಡ."

ಬರುವಾಗ ಅವಳು ಗಾಡಿಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಹರಕೆ ಹೊತ್ತವರು ಹಾಗೆ ನಿದ್ದೆ ಮಾಡುತ್ತಾರೆ. ಹೊರೆ ಇನ್ನೊಬ್ಬರ ಹೆಗಲಿಗೆ ಹೋದ ಹಾಗೆ.

ಅಣ್ಣ ಸೂರತ್ತಿಗೆ ಹೋದ. ಅಪ್ಪ ಸ್ಟೇಷನ್ನಿಗೆ ಹೋಗಿ ಇಡೀ ತಂಡಕ್ಕೆ ಆಗುವಷ್ಟು ಇಡ್ಲಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು. ಕ್ಲಬ್ಬು ಗೆದ್ದಿತು. ಅಣ್ಣ ಮರಳಿ ಬಂದ ಬೆಳಿಗ್ಗೆ ಪಿಂಟೋ ಸರ್ ಅವನ ಜೊತೆ ಹೋಟೆಲಿಗೆ ಬಂದು, ಪರೀಕ್ಷೆ ಮುಗಿದ ಮೇಲೆ ಈ ಹುಡುಗ ದೊಡ್ಡ ತಂಡದಲ್ಲೇ ಇರುತ್ತಾನೆ ಎಂದು ಅಪ್ಪನ ಕೈಕುಲುಕಿದರು. ಅದೇ ಸಂಜೆ ಶಾಲೆಗೆ ಪಕ್ಕದ ಶಾಲೆಯೊಡನೆ ಪಂದ್ಯವಿತ್ತು. ದೊಡ್ಡದೇನೂ ಅಲ್ಲ. ಗಾಡಿಯಲ್ಲಿ ನಿಂತುಕೊಂಡೇ ಬಂದಿದ್ದ ಅಣ್ಣನ ಕಣ್ಣು ಕೆಂಪಾಗಿತ್ತು. ಅಪ್ಪ, ಮಲಗು ಎಂದರು. ಅಮ್ಮ ಹಿತ್ತಾಳೆ ಡಬ್ಬಿ ತುಂಬಿ ಹೊಸ್ತಿಲಿಗೆ ತಂದಿಟ್ಟಳು.

"ಕ್ಲಬ್ಬಿಗೆ ಹೋಪುಕೆ ಶಕ್ತಿ ಇತ್ತ್, ಶಾಲಿಗೆ ಇಲ್ಯಾ?"

ಅವನು ಅಂಗಿ ಕೇಳಿದ. ನಾನು ಹಳದಿಯನ್ನು ತಂದುಕೊಟ್ಟೆ. ಅಂದು ಅದು ಚೆನ್ನಾಗಿ ಒಣಗಿತ್ತು. ಮೆಟ್ಟಿಲಿಳಿಯುವಾಗ ಹಗ್ಗ ಹಿಡಿಯದೆ, ಎರಡೆರಡು ಮೆಟ್ಟಿಲು ಹಾರಿ ಇಳಿದ. ಹಾಗೆ ಇಳಿದದ್ದು ಅದೇ ಕೊನೆ.

ಅವನನ್ನು ಶಾಲೆಯ ಬೆಂಚಿನ ಮೇಲೆ ಮಲಗಿಸಿ ಹೊತ್ತು ತಂದರು. ಮಳೆಯ ಕೆಸರಿನಲ್ಲಿ ಕಾಲು ಊರಿ ತಿರುಗುವಾಗ ಇನ್ನೊಬ್ಬ ಹುಡುಗ ಬಂದು ಬಿದ್ದನಂತೆ, ಅವನದೂ ತಪ್ಪಲ್ಲ. ಮೊಣಕಾಲಿನ ಚಿಪ್ಪು ಒಡೆದು, ಒಳಗಿನ ಕಟ್ಟುಗಳು ಹರಿದಿದ್ದವು. ಬೆಂಚು ಓಣಿಯ ತಿರುವಿನಲ್ಲಿ ಹಿಡಿಸದೆ, ಜಶೋದಾಬೆನ್ನರ ಗಂಡ ಅವನನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ಜಗಲಿಗೆ ತಂದರು. ಅಪ್ಪ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದರು. ಆಸ್ಪತ್ರೆಗೆ ಹೋಗಲು ಟಾಂಗಾ ಬರುವ ತನಕ ಅಮ್ಮ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವನ ಕಾಲಿನಲ್ಲಿ ಇನ್ನೂ ಬೂಟಿತ್ತು. ಅಮ್ಮ ತನ್ನ ಕೈಯಿಂದಲೇ ಲೇಸು ಬಿಚ್ಚಿ, ಕೆಸರಿನ ಬೂಟನ್ನು ಕಳಚಿ, ಪಕ್ಕದಲ್ಲಿಡಲೂ ಮರೆತು, ಎದೆಗೆ ಒತ್ತಿಕೊಂಡು ಕೂತಿದ್ದಳು. ಚರ್ಮ ಮುಟ್ಟಿದರೆ ಮೀಯುವವಳು.

"ಅಮ್ಮ, ಶಾಲೆಯದ್ದೇ ಆಟ ಆಗಿತ್ತು, ಕ್ಲಬ್ಬಿನದ್ದಲ್ಲ," ಎಂದ ಅಣ್ಣ. ಆ ನೋವಿನಲ್ಲೂ ಅಮ್ಮ ಕ್ಲಬ್ಬನ್ನು ಬಯ್ಯಬಾರದಲ್ಲ ಎಂದು.

ಅಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಡಾಕೋರದಲ್ಲಿ ಅವಳ ಮಾತು ಕೇಳಿಸಿಕೊಂಡವರು ಇಬ್ಬರೇ, ದೇವರು ಮತ್ತು ನಾನು. ಅವಳು ನನ್ನ ಕಡೆಗೆ ನೋಡಿದಳು.

ಕಾಲು ತೊಡೆಯ ತನಕ ಪ್ಲಾಸ್ಟರಿನೊಳಗೆ ಹೋಯಿತು. ನವರಾತ್ರಿಯ ಗರಬಾ ಓಣಿಯ ತುದಿಯಲ್ಲಿ ನಡೆಯುತ್ತಿರುವಾಗ, ಚಪ್ಪಾಳೆಯ ಸದ್ದಿಗೆ ಅಣ್ಣನ ಇನ್ನೊಂದು ಪಾದ ಚಾದರದ ಕೆಳಗೆ ತಾಳ ಹಾಕುತ್ತಿದ್ದದ್ದು ನೆನಪಿದೆ. ದೀಪಾವಳಿಯೂ ಹಾಗೇ ಹೋಯಿತು. ಮನೆಯಲ್ಲಿ ಜಗಳ ನಿಂತಿತು. ಅದು ಒಳ್ಳೆಯ ಶಾಂತಿಯಾಗಿರಲಿಲ್ಲ. ಅಪ್ಪ, ಅಮ್ಮ ನೇರವಾಗಿ ಮಾತಾಡತೊಡಗಿದರು. "ನೀರು ಬಂತಾ", "ಮದ್ದು ಕೊಟ್ಟಾಯ್ತಾ" ಎಂಬಷ್ಟು. ನನ್ನ ಹೆಸರು ಹಿಡಿದು ಯಾರೂ ಏನನ್ನೂ ಹೇಳಿ ಕಳಿಸುತ್ತಿರಲಿಲ್ಲ. ಅಪ್ಪ ದಿನಾ ಅಲ್ಯುಮಿನಿಯಮ್ ಡಬ್ಬಿ ತಂದು ಮೆಟ್ಟಿಲ ಮೂಲೆಯಲ್ಲಿಟ್ಟು ಹೋಗುತ್ತಿದ್ದರು. ಅಣ್ಣ ಅಲ್ಲಿಗೆ ಬರುವ ಹಾಗಿರಲಿಲ್ಲ. ಮೊದಲ ದಿನ ಅದು ಅಲ್ಲೇ ಆರಿತು. ಎರಡನೆಯ ದಿನ ಅಮ್ಮ ಹೊರಗೆ ಬಂದು, ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿ, ಎತ್ತಿಕೊಂಡು ಒಳಗೆ ಹೋದಳು. ದೇವರ ಗೂಡಿನ ಎದುರಿನಲ್ಲೇ ಮುಚ್ಚಳ ತೆಗೆದು, ಈರುಳ್ಳಿ ಸಾಂಬಾರನ್ನು ತನ್ನ ಒಲೆಯ ಮೇಲೆ ಬಿಸಿ ಮಾಡಿ, ಇಡ್ಲಿಯನ್ನು ಮುರಿದು ಅಣ್ಣನ ಬಾಯಿಗಿಟ್ಟಳು. ಸಂಜೆ ಎರಡು ಡಬ್ಬಿಗಳನ್ನೂ ತೊಳೆದು ಹಂಡೆಯ ಮೇಲಿನ ಹಲಗೆಯಲ್ಲಿ ಒಂದರ ಪಕ್ಕ ಒಂದಿಟ್ಟಳು. ಅಪ್ಪ ಬಂದವರು ಅದನ್ನು ನೋಡಿದರು. ತಾರಸಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಪಿಂಟೋ ಸರ್ ಒಮ್ಮೆ ಬಂದರು. ಸ್ಥೂಲ ಮನುಷ್ಯ, ಹಗ್ಗ ಹಿಡಿದು ಏದುಸಿರು ಬಿಡುತ್ತ ಹತ್ತಿದರು. "ಕ್ಯಾ ಇಡ್ಲಿ, ಆರಾಮ್ ಕರ್ ರಹಾ ಹೈ?" ಎಂದು ಗದರಿಸುವ ಹಾಗೆ ಹೇಳಿ, ಕೂತು, ಅಮ್ಮ ಕೊಟ್ಟ ಹೆಸರುಂಡೆ ತಿಂದು, ಇನ್ನೊಂದು ಕೇಳಿ ತಿಂದರು. ಹೋಗುವಾಗ ಅಣ್ಣನ ತಲೆಯ ಮೇಲೆ ಕೈಯಿಟ್ಟರು. ದೊಡ್ಡ ತಂಡದ ಮಾತು ಎತ್ತಲಿಲ್ಲ. ರಾಣಾ ಸರ್ ಹಲವು ಸಲ ಬಂದರು. ಫೀಸಿನ ಮಾಫಿ ವರ್ಷ ಮುಗಿಯುವ ತನಕ ಹಾಗೇ ಇರುತ್ತದೆ ಎಂದರು. ಗಣಿತವನ್ನು ತಾವೇ ಹೇಳಿಕೊಡಲು ಕೂತರು, ಅವರಿಗೂ ಅದು ಅಷ್ಟಾಗಿ ಬರುತ್ತಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ಅಣ್ಣನ ಕಾಲು ಬಿಳುಚಿಕೊಂಡು, ಸಣ್ಣಗೆ, ಬೇರೆ ಯಾರದೋ ಎಂಬ ಹಾಗೆ ಕಂಡಿತು. ಮೊಣಕಾಲು ಮಡಚಲಿಲ್ಲ. ಬಿಸಿನೀರು, ಎಣ್ಣೆ, ನೀವುವುದು, ದಿನಾ ಅಳುವಷ್ಟು ನೋಯಿಸಿಕೊಂಡು ಬಗ್ಗಿಸುವುದು, ಎಲ್ಲ ಮಾಡಿದರು. ಒಂದಿಷ್ಟು ಬಗ್ಗಿ, ಅಲ್ಲಿಗೇ ನಿಂತಿತು. ಚಳಿಗಾಲ ಮುಗಿಯುವಾಗ ಅವನು ಕೋಲು ಬಿಟ್ಟು ನಡೆದ. ಆ ಕಾಲು ಒಂದು ಅರ್ಧಚಂದ್ರ ಬರೆದು ಮುಂದೆ ಬರುತ್ತಿತ್ತು. ಹತ್ತನೆಯದನ್ನು ಪಾಸು ಮಾಡುವಷ್ಟು ಬರೆದ. ಗಣಿತದಲ್ಲಿ ಕೂಡ. ಇದೆಲ್ಲ ದೇವರ ದಯೆ ಎಂದೇ ನಾನು ಎಣಿಸುತ್ತೇನೆ. ಬರೆಯದೆ ಬಿಟ್ಟರೆ ಅದು ಕೃತಘ್ನತೆಯಾದೀತು.

ಬೂಟುಗಳು ಮಾತ್ರ ಮೊಳೆಯಲ್ಲೇ ಇದ್ದವು. ಓಣಿಗೆಲ್ಲ ಅಣ್ಣ ಯಾವಾಗಲೂ ಮನೆಯಲ್ಲಿರುವುದನ್ನು ಅವು ಸಾರುತ್ತಿದ್ದವು. ಒಂದು ದಿನ ನೋಡಿದರೆ ಇರಲಿಲ್ಲ. ಜಶೋದಾಬೆನ್ ತೆಗೆದು ಎಲ್ಲೋ ಕೊಟ್ಟಿದ್ದರು. ಯಾರಿಗೆ ಎಂದು ನಾವು ಕೇಳಲಿಲ್ಲ.

ಅಮ್ಮ ತೆಳ್ಳಗಾಗಿದ್ದಳು. ದೇವರಿಗೆ ದೀಪ ಹಚ್ಚುವಾಗ ಕೈಮುಗಿಯುತ್ತಿದ್ದಳು, ತುಟಿ ಅಲುಗುತ್ತಿರಲಿಲ್ಲ. ಪರೀಕ್ಷೆ ಮುಗಿದ ವಾರ, ಅಕ್ಕಿ ಆರಿಸುತ್ತ ಕೂತಿದ್ದಾಗ ನಾನೇ ಕೇಳಿದೆ.

"ಅಮ್ಮ, ನಾವ್ ಬೆಲ್ಲ ಕೊಡ್ಕಾ?"

ಅವಳು ಮೊರವನ್ನು ಕೆಳಗಿಟ್ಟಳು.

"ಕೊಡ್ದೆ ಏನ್? ಕೇಂಡದ್ದ್ ನಾನು. ಅವ ಕೊಟ್ಟ. ಹೀಂಗಲ್ಲ ಕೇಂಡದ್ದ್ ಅಂತ ಈಗ ಹೇಳುಕಾತ್ತಾ?"

"ಕೊಡದಿದ್ರೆ?"

"ಇನ್ನೊಂದ್ ಕಾಲ್ ಉಂಟಲ್ಲ ಅವಂಗೆ," ಎಂದಳು ಅಮ್ಮ. ಮತ್ತೆ ಮೊರ ಎತ್ತಿಕೊಂಡಳು. ಆರಿಸಿಟ್ಟ ಅಕ್ಕಿಯನ್ನೇ ಇನ್ನೊಮ್ಮೆ ಆರಿಸತೊಡಗಿದಳು.

ಅಪ್ಪನಿಗೆ, ಮಗನಿಗಾಗಿ ಡಾಕೋರದ ದೇವರಿಗೆ ತುಲಾಭಾರದ ಹರಕೆ ಹೊತ್ತಿದ್ದೇನೆ ಎಂದಷ್ಟೇ ಹೇಳಿದಳು. ಕಾಲು ಉಳಿಯಲಿ ಎಂದು ಹೊತ್ತದ್ದೆಂದು ಅಪ್ಪ ತಿಳಿದರು. ಬೇರೆ ಹೇಗೆ ತಿಳಿದಾರು? ಅವರ ಕಣ್ಣಲ್ಲಿ ನೀರು ಬಂತು. ಹೋಟೆಲಿನ ಉಗ್ರಾಣದಿಂದ ಒಳ್ಳೆಯ ಬೆಲ್ಲದ ಅಚ್ಚುಗಳನ್ನು ತಾವೇ ಆರಿಸಿ ಗೋಣಿಗೆ ತುಂಬಿದರು. ಚೈತ್ರದ ಹುಣ್ಣಿಮೆಗೆ ಎಲ್ಲರೂ ಹೊರಟೆವು, ಜಶೋದಾಬೆನ್ ಕೂಡ. ಅಣ್ಣ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದ. ಬಿಸಿಲಿನಲ್ಲಿ ಒಣಗಿದ ಹೊಲಗಳಲ್ಲಿ ಹುಡುಗರು ಏನನ್ನೋ ಒದೆಯುತ್ತ ಓಡುತ್ತಿದ್ದರು. ಅವನು ಅವರು ಮರೆಯಾಗುವ ತನಕ ನೋಡುತ್ತಿದ್ದ, ಮತ್ತೆ ತಿರುಗಿ ನನಗೆ ಹೇಳಿದ.

"ಅಮ್ಮ ಹರಕೆ ಹೊತ್ತದ್ದಕ್ಕೇ ನಾನು ಈಗ ನಡೀತಾ ಇಪ್ಪುದು ಪದ್ದಿ. ಇಲ್ದಿದ್ರೆ ಕಾಲು ತೆಗೀಕಾತಿತ್ತೋ ಏನೋ."

ಅಮ್ಮ ಎದುರಿನ ಸೀಟಿನಲ್ಲಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ನೋಡಿದಳು.

ತಕ್ಕಡಿ ದೊಡ್ಡದು, ತೊಲೆಯಿಂದ ಸರಪಳಿಯಲ್ಲಿ ತೂಗುಬಿಟ್ಟದ್ದು. ಒಂದು ತಟ್ಟೆಯಲ್ಲಿ ಅಣ್ಣನನ್ನು ಕೂರಿಸಿದರು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂರುವ ಜಾಗ ಅದು. ಅವನ ಒಂದು ಕಾಲು ಮಡಚಿತು, ಇನ್ನೊಂದು ತಟ್ಟೆಯ ಅಂಚು ದಾಟಿ ನೇರವಾಗಿ ಹೊರಗೆ ಚಾಚಿ, ಹಿಮ್ಮಡಿ ನೆಲಕ್ಕೆ ತಾಗಿ ನಿಂತಿತು. ಅಪ್ಪ ಇನ್ನೊಂದು ತಟ್ಟೆಗೆ ಬೆಲ್ಲ ಒಟ್ಟತೊಡಗಿದರು. ತಕ್ಕಡಿ ಕದಲಲಿಲ್ಲ. ಪೂಜಾರಿ ವಯಸ್ಸಾದವರು, ದಿನಾ ಎಷ್ಟೋ ಮಂದಿಯನ್ನು ತೂಗುವವರು, ನೋಡದೆಯೇ ಹೇಳಿದರು.

"ಪಗ್ ವಾಳೋ, ಬೇಟಾ." ಕಾಲು ಮಡಚು, ಮಗು.

ಅಣ್ಣ ಮಡಚಲು ನೋಡಿದ. ಅವನ ಹಣೆಯಲ್ಲಿ ಬೆವರು ಬಂತು. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ಅವನು ಪೂಜಾರಿಯ ಕಡೆಗೆ ನೋಡಿ, ಆಗುವುದಿಲ್ಲ ಎಂದು ನಕ್ಕ, ಆ ಮುರಿದ ಹಲ್ಲು ಕಾಣುವ ಹಾಗೆ. ಆಗ ಅಮ್ಮ ಮುಂದೆ ಬಂದು, ನೆಲದ ಮೇಲೆ ಕೂತು, ಅವನ ಹಿಮ್ಮಡಿಯನ್ನು ಎರಡು ಅಂಗೈಯಲ್ಲಿ ಎತ್ತಿ ಹಿಡಿದಳು. ತಟ್ಟೆ ನೆಲ ಬಿಟ್ಟಿತು. ಒಂದು ಅಚ್ಚು, ಇನ್ನೊಂದು ಅಚ್ಚು, ತಕ್ಕಡಿ ತೂಗಾಡಿ ತೂಗಾಡಿ ಸಮಕ್ಕೆ ಬಂತು. ಪೂಜಾರಿ, ಆಯಿತು, ಇಳಿಸಿ ಎಂದರು.

"ಇನ್ನೂ ಹಾಕಿ," ಎಂದಳು ಅಮ್ಮ, ಅಪ್ಪನಿಗೆ.

"ಸಮ ಆಯ್ತಲ್ಲೆ."

"ಆಯ್ಲಿಲ್ಲೆ. ಕಾಲಿನ ಭಾರ ನನ್ನ ಕೈಯಲ್ಲಿ ಉಂಟು. ಅದನ್ನೂ ತೂಗ್ಕ್."

ಅಪ್ಪ ಹಾಕಿದರು. ಬೆಲ್ಲದ ತಟ್ಟೆ ಕೆಳಗಿಳಿದು ನೆಲಕ್ಕೆ ತಾಗಿತು, ಅಣ್ಣ ಮೇಲೆದ್ದ. ಅಮ್ಮನ ಕೈಯೂ ಕಾಲಿನೊಂದಿಗೆ ಮೇಲೆದ್ದಿತು. ಗೋಣಿ ಖಾಲಿಯಾಗುವ ತನಕ ಅವಳು ಸಾಕು ಎನ್ನಲಿಲ್ಲ. ಅಣ್ಣ ಅಲ್ಲಿಂದಲೇ ಬಗ್ಗಿ, "ಸಾಕಮ್ಮ, ನಾನ್ ಅಷ್ಟ್ ಭಾರ ಇಲ್ಲೆ" ಎಂದ. ಜಶೋದಾಬೆನ್ ಕಣ್ಣೊರೆಸಿಕೊಂಡು, ಇಂಥ ತಾಯಿ ಯಾರಿಗುಂಟು ಎಂದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಳಗೆ, ಬೆಳ್ಳಿಬಾಗಿಲಿನ ಆಚೆ, ಆ ಕರಿಯ ಮುಖ ಎಂದಿನಂತೆ ಶಾಂತವಾಗಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಹೆದರಿಕೆಯೂ ಅಲ್ಲ. ಅವನ ಹತ್ತಿರ ಮಾತಾಡುವಾಗ ಬಹಳ ಜೋಪಾನವಾಗಿರಬೇಕು ಎಂದಷ್ಟೇ ತಿಳಿಯಿತು. ಅಂದಿನಿಂದ ಇಂದಿನವರೆಗೆ ನಾನು ದೇವರ ಮುಂದೆ ಏನನ್ನೂ ಬೇಡಿಲ್ಲ. ಮದುವೆಯಾಗಿ ಸೂರತ್ತಿಗೆ ಬಂದಾಗಲೂ ಇಲ್ಲ, ಮಕ್ಕಳು ಜ್ವರದಲ್ಲಿ ಮಲಗಿದಾಗಲೂ ಇಲ್ಲ. ದೀಪ ಹಚ್ಚಿ, ಅಂದು ಸಿಕ್ಕಿದ್ದನ್ನು ಹೇಳಿ ಬರುತ್ತೇನೆ. ಹಾಲು ಒಡೆಯಲಿಲ್ಲ. ನಲ್ಲಿಯಲ್ಲಿ ನೀರು ಬಂತು. ಅಣ್ಣ ಫೋನು ಮಾಡಿದ. ಇಷ್ಟೇ.

ಅಣ್ಣ ಹೋಟೆಲಿನಲ್ಲೇ ಕೂತ. ಅಪ್ಪನ ನಂತರ ಅವನೇ ನಡೆಸಿದ, ಈಗ ಅವನ ಮಗ ನಡೆಸುತ್ತಾನೆ. ಗಲ್ಲಾದ ಹಿಂದೆ ಎತ್ತರದ ಸ್ಟೂಲು, ಎದುರಿಗೆ ಕಾಲು ಚಾಚಲು ಒಂದು ಗಿಡ್ಡ ಸ್ಟೂಲು. ಯಾರಾದರೂ ಕಾಲಿನ ಬಗ್ಗೆ ಕೇಳಿದರೆ, ಆಟದ ಕಥೆ ಹೇಳುತ್ತಿರಲಿಲ್ಲ. "ನಮ್ಮ ಅಮ್ಮ ನನ್ನ ಕಾಲಿಗೆ ನನ್ನ ತೂಕಕ್ಕಿಂತ ಹೆಚ್ಚು ಬೆಲ್ಲ ತೂಗಿದ್ರು" ಎಂದು ಹೇಳುತ್ತಿದ್ದ, ಕನ್ನಡದಲ್ಲಿ, ಹಿಂದಿಯಲ್ಲಿ, ಗುಜರಾತಿಯಲ್ಲಿ. ಅಮ್ಮ ಅದನ್ನು ತನ್ನ ಆಯುಷ್ಯವಿಡೀ ಕೇಳಿದಳು. ಡಾಕೋರದಿಂದ ಬಂದ ಮೇಲೆ ಅವಳು ಬೆಲ್ಲ ಬಾಯಿಗೆ ಹಾಕಲಿಲ್ಲ. ಹಬ್ಬದ ಹೋಳಿಗೆಯನ್ನು ನಮಗೆಲ್ಲ ಬೇಯಿಸಿ ಬಡಿಸಿ, ತಾನು ಅನ್ನ ಮಜ್ಜಿಗೆ ಉಂಡು ಏಳುತ್ತಿದ್ದಳು. ಯಾಕೆಂದು ಕೇಳಿದವರಿಗೆ, ಉಷ್ಣ ಆಗುತ್ತದೆ ಎನ್ನುತ್ತಿದ್ದಳು.

ಹೋದ ವರ್ಷ ಅಮ್ಮನ ವರ್ಷಾಂತಿಕಕ್ಕೆ ಬರೋಡಕ್ಕೆ ಹೋಗಿದ್ದೆ. ಆ ಅಡಿಗೆಮನೆಯಲ್ಲೇ ನಾನು ಎಡೆಗೆ ಪಾಯಸ ಮಾಡುತ್ತಿದ್ದೆ. ಅಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲು ಚಾಚಿ ಕೂತಿದ್ದ. ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದನ್ನು ನೋಡಿ ಹೇಳಿದ.

"ಸಕ್ಕರೆ ಹಾಕ್ ಪದ್ದಿ. ಅಮ್ಮಂಗೆ ಬೆಲ್ಲ ಅಂದ್ರೆ ಆತಿರ್ಲಿಲ್ಲ, ಅಲ್ದಾ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಹೌದಣ್ಣ, ಆತಿರ್ಲಿಲ್ಲ," ಎಂದೆ.